ಐಸ್ ಗಾಡಿಯ ಎಡಗಡೆಯ ಗೆರೆ

ನನ್ನ ಭಾವ ಮೊದಲು ಕತ್ತರಿಸಿದ್ದು ಪ್ಯಾಂಟುಗಳನ್ನು. ಗಾಡಿಗಳಿಗೆ ಕೈ ಹಾಕಿದ್ದು ಆಮೇಲೆ. ನಮ್ಮಪ್ಪನ ಹೊಲಿಗೆ ಅಂಗಡಿಗೆ ಬಟ್ಟೆ ಕತ್ತರಿಸಲು ಬಂದವನು ಕೊನೆಗೆ ಅಂಗಡಿಯ ಮಗಳನ್ನೇ ಕಟ್ಟಿಕೊಂಡ. ಅಪ್ಪನಿಗೆ ಖುಷಿಯೋ ಖುಷಿ, ಯಾಕೆಂದರೆ ಸ್ವಂತ ಮಗ ಸೂಜಿ ಬಿಟ್ಟು ವೆಲ್ಡಿಂಗ್ ಹಿಡಿದಿದ್ದ. ಆ ಮಗ ನಾನೇ. "ಹೊಲಿ ಅಂದ್ರೆ ಸುಡ್ತಾನೆ" ಎಂದು ಅಪ್ಪ ಬಂದ ಗಿರಾಕಿಗಳ ಮುಂದೆಲ್ಲ ಹೇಳುತ್ತಿದ್ದ. ಪೇಟೆಯಲ್ಲಿ ನನಗೆ ಕಿಡಿ ಎಂದೇ ಹೆಸರು. ಅದು ಕೆಲಸಕ್ಕೆ ಬಂದ ಹೆಸರು ಎಂದು ನಾನು ಹೇಳುತ್ತೇನೆ, ಕೋಪಕ್ಕೆ ಬಂದದ್ದು ಎಂದು ಅಕ್ಕ ಹೇಳುತ್ತಾಳೆ.

ಸಿದ್ಧ ಉಡುಪು ಬಂದು ಹೊಲಿಸುವವರು ಕಡಿಮೆಯಾದಾಗ ಭಾವ ಮಧ್ಯಾಹ್ನಗಳಲ್ಲಿ ನನ್ನ ಶೆಡ್ಡಿಗೆ ಬಂದು ಕೂರತೊಡಗಿದ. ಒಂದು ದಿನ ನಾನು ಹಳೆಯ ವ್ಯಾನಿನ ತುಕ್ಕು ಹಿಡಿದ ಬಾಗಿಲಿಗೆ ಕಣ್ಣಂದಾಜಿನಲ್ಲಿ ತಗಡು ಕತ್ತರಿಸುತ್ತಿದ್ದೆ. ಅವನಿಗೆ ತಡೆಯಲಾಗಲಿಲ್ಲ. ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆದು ಒಂದೇ ಉಸಿರಿಗೆ ಗೆರೆ ಎಳೆದುಕೊಟ್ಟ. ಆ ಗೆರೆಯ ಮೇಲೆ ಕತ್ತರಿಸಿದ ತಗಡು ಬಾಗಿಲಿಗೆ ಹೇಗೆ ಕೂತಿತೆಂದರೆ, ಸುತ್ತಿಗೆ ಎತ್ತುವ ಕೆಲಸವೇ ಬರಲಿಲ್ಲ. "ಮೈ ಅಳತೆ ಗೊತ್ತಿದ್ರೆ ಬಟ್ಟೆ ಆದ್ರೇನು, ತಗಡು ಆದ್ರೇನು" ಎಂದ. ಅಲ್ಲಿಂದ ಮುಂದೆ ನಮ್ಮ ಮೂವರ ಬದುಕು ಶೆಡ್ಡಿನಲ್ಲೇ ನಡೆಯಿತು. ಅವನು ಗೆರೆ ಎಳೆಯುತ್ತಾನೆ, ನಾನು ಕತ್ತರಿಸಿ ಬೆಸೆಯುತ್ತೇನೆ, ಅಕ್ಕ ಸೀಟು ಹೊಲಿಯುತ್ತಾಳೆ. ಹಳೆಯ ಗಾಡಿಗೆ ಹೊಸ ರೂಪ ಬೇಕೆಂದರೆ ಜನ ನಮ್ಮನ್ನು ಹುಡುಕಿಕೊಂಡು ಬರುವಂತಾಯಿತು. ಭಾವನಿಗೆ ಗೆರೆ ಮೇಷ್ಟ್ರು ಎಂಬ ಹೆಸರು ಬಿತ್ತು. ಮೇಷ್ಟ್ರು ಶಾಲೆಗೆ ಹೋದದ್ದಕ್ಕಿಂತ ಶಾಲೆ ತಪ್ಪಿಸಿದ್ದೇ ಹೆಚ್ಚು, ಅದು ಬೇರೆ ಮಾತು.

ಅವನ ಕೆಲಸದ ರೀತಿಯೇ ಬೇರೆ. ಶೆಡ್ಡಿನ ಹಿಂದಿನ ಗೋಡೆಗೆ ಸುಣ್ಣ ಬಳಿದು, ಗಾಡಿಯ ಪಕ್ಕದ ನೋಟವನ್ನು ಇದ್ದಷ್ಟೇ ಗಾತ್ರದಲ್ಲಿ ಇದ್ದಿಲಿನಿಂದ ಬರೆಯುತ್ತಿದ್ದ. ಅದು ಒಪ್ಪಿಗೆಯಾದ ಮೇಲೆ ಗಾಡಿಯ ಮೈಮೇಲೆ ಕಪ್ಪು ಟೇಪು ಅಂಟಿಸುತ್ತಿದ್ದ. ಟೇಪು ಎಲ್ಲಿದೆಯೋ ಅಲ್ಲಿ ನನ್ನ ಗ್ರೈಂಡರ್ ಹೋಗಬೇಕು. ಅಂಟಿಸಿದ ಮೇಲೆ ತೆಳ್ಳನೆಯ ಹಳೆಯ ಬಟ್ಟೆಯೊಂದನ್ನು ಅಂಗೈ ಅಡಿಯಲ್ಲಿಟ್ಟುಕೊಂಡು ಗಾಡಿಯ ಮೈಯನ್ನೆಲ್ಲ ನೇವರಿಸುತ್ತಿದ್ದ. ಬಟ್ಟೆ ನಡುವೆ ಇದ್ದರೆ ತಗ್ಗು ಉಬ್ಬು ಚೆನ್ನಾಗಿ ತಿಳಿಯುತ್ತದಂತೆ. ದನದ ಮೈ ಸವರಿದ ಹಾಗೆ ಸವರುತ್ತೀಯಲ್ಲ ಎಂದು ನಾನು ಎಷ್ಟೋ ಸಲ ರೇಗಿಸಿದ್ದೇನೆ. ಅವನು ನಗುತ್ತಿದ್ದ, ಕೈ ಮಾತ್ರ ನಿಲ್ಲಿಸುತ್ತಿರಲಿಲ್ಲ.

ಒಂದು ವರ್ಷ ಐಸ್ ಕಾರ್ಖಾನೆಯ ಒಡತಿ ತನ್ನ ಪಿಕಪ್ ತಂದಳು. ಅವಳಪ್ಪ ಕೊಂಡಿದ್ದ ಗಾಡಿ. ಗುಂಡು ಮೂಗು, ಎತ್ತರದ ಕ್ಯಾಬಿನ್, ಹಿಂದೆ ಮರದ ಹಲಗೆಯ ಪೆಟ್ಟಿಗೆ. ಕರಗಿದ ನೀರು ಕುಡಿದು ಕುಡಿದು ಪೆಟ್ಟಿಗೆಯ ತಳ ಜಲ್ಲಡಿಯಾಗಿತ್ತು. ಆದರೆ ಕ್ಯಾಬಿನ್ನಿನ ಚಾವಣಿಗೆ ಒಂದು ಚುಕ್ಕೆ ತುಕ್ಕಿರಲಿಲ್ಲ. ಅಂಥ ಚಾವಣಿ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕಂಪನಿ ಮುಚ್ಚಿಹೋಗಿದೆ, ಗುಜರಿಯಲ್ಲಿದ್ದವೂ ಕರಗಿಹೋಗಿವೆ. ಒಡತಿ ಎತ್ತರದ ಹೆಂಗಸು, ಮಾತು ಅಳೆದು ಆಡುವವಳು. ಗಾಡಿಯ ಬಾನೆಟ್ ಮೇಲೆ ಕೈಯಿಟ್ಟು, "ನನ್ನ ವಯಸ್ಸಿನಷ್ಟೂ ವರ್ಷ ಇದು ಮಂಜುಗಡ್ಡೆ ಹೊತ್ತಿದೆ. ಇನ್ನು ಯಾವತ್ತೂ ಏನೂ ಹೊತ್ತೇ ಇಲ್ಲ ಅನ್ನೋ ಹಾಗೆ ಕಾಣಬೇಕು" ಎಂದಳು. ಅಷ್ಟೇ. ಬಣ್ಣ ಯಾವುದು, ಚಕ್ರ ಎಂಥದು ಎಂದು ಒಂದು ಮಾತಿಲ್ಲ.

ಭಾವ ಮೊದಲ ಚಿತ್ರ ಬರೆದ. ಹೊಳೆಯುವ ಅಂಚು, ಉಬ್ಬಿದ ಮಡ್‌ಗಾರ್ಡು. ಒಡತಿ ನೋಡಿ, "ಇದು ಮದುವೆಗೆ ಹೊರಟಿದೆ" ಎಂದು ಎದ್ದು ಹೋದಳು. ಸುಣ್ಣ ಬಳಿದು ಎರಡನೆಯದು ಬರೆದ. ಅಗಲ ಟೈರು, ಎತ್ತಿದ ಮೈ. "ಇದು ಜಗಳಕ್ಕೆ ಹೊರಟಿದೆ" ಎಂದಳು. ನನಗೆ ಕೋಪ ಮೂಗಿನ ತುದಿಗೆ ಬಂತು. ಭಾವ ಮಾತ್ರ, "ನಾಳೆ ನಿಮ್ಮ ಜೊತೆ ಗಾಡಿಯಲ್ಲಿ ಬರ್ತೀನಿ, ಐಸ್ ಹಾಕೋ ಕಡೆಗೆಲ್ಲ" ಎಂದ. ಮರುದಿನ ಮೊಣಕಾಲವರೆಗೂ ಒದ್ದೆಯಾಗಿ ಬಂದು, ಊಟವನ್ನೂ ಮಾಡದೆ ಗೋಡೆಗೆ ನಿಂತ. ಈ ಸಲ ಚಾವಣಿ ಒಂದು ಅಂಗೈ ಅಗಲದಷ್ಟು ಕೆಳಗಿಳಿದಿತ್ತು. ದೀಪಗಳು ಮಡ್‌ಗಾರ್ಡಿನ ಒಳಕ್ಕೆ ಸರಿದಿದ್ದವು. ಕಾಲಿಡುವ ಮೆಟ್ಟಿಲು ಇಲ್ಲ, ಹೊಳೆಯುವ ಪಟ್ಟಿ ಇಲ್ಲ, ದೀಪದಿಂದ ಹಿಂದಿನ ಬಾಗಿಲವರೆಗೆ ಒಂದೇ ಗೆರೆ. ಒಡತಿ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. "ಇದು ಎಲ್ಲಿಗೂ ಹೊರಟಿಲ್ಲ" ಎಂದಳು, "ಇದೇ ಇರಲಿ."

ಹೋಗುವಾಗ ಬಾಗಿಲಲ್ಲಿ ತಿರುಗಿ ಭಾವನನ್ನು ಕೇಳಿದಳು: "ನನ್ನ ಜೊತೆ ಮಾತಾಡೋವಾಗ ನೀವು ನನ್ನ ಕಿವಿ ನೋಡ್ತೀರಲ್ಲ, ಯಾಕೆ?"

ಭಾವನ ಬಾಯಿ ತೆರೆದದ್ದು ಹಾಗೇ ಇತ್ತು. ಅಕ್ಕ ಹೊಲಿಗೆ ಯಂತ್ರದ ಹಿಂದಿನಿಂದ, "ಅವರಿಗೆ ಹೆಂಗಸರನ್ನ ನೆಟ್ಟಗೆ ನೋಡೋಕೆ ನಾಚಿಕೆ. ನನ್ನನ್ನ ನೋಡೋಕೇ ಎರಡು ವರ್ಷ ತಗೊಂಡ್ರು" ಎಂದಳು. ಒಡತಿ ನಕ್ಕು ಹೋದಳು. ನಾನೂ ನಕ್ಕೆ. ಆಮೇಲೆ ಅಕ್ಕನ ಮುಖ ನೋಡಿದೆ, ಅಲ್ಲಿ ನಗುವೇ ಇರಲಿಲ್ಲ.

ಭಾವ ಟೇಪು ತರಲು ಹೋದಾಗ ಅವಳು ನನಗೆ ಹೇಳಿದಳು. ಮೊದಲೆಲ್ಲ ಅವಳಿಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವನು ಅವನೇ. ಒಂದು ದಿನದಿಂದ ಏನಾದರೊಂದು ನೆವ ಹೇಳತೊಡಗಿದ. ಬೆಳಕು ಸಾಲದು, ಕೈಯೆಲ್ಲ ಎಣ್ಣೆ, ನೀನೇ ಪೋಣಿಸಿಕೋ. ಆಮೇಲೆ ಅವಳಿಗೆ ಹೇಳದೆ ಆಸ್ಪತ್ರೆಗೆ ಹೋಗಿಬಂದಿದ್ದಾನೆ. ಅಲ್ಲಿಯ ನರ್ಸ್ ಅಕ್ಕನ ಹತ್ತಿರ ದಿಂಬಿನ ಚೀಲ ಹೊಲಿಸುವವಳು, ಅವಳ ಬಾಯಲ್ಲಿ ಮಾತು ನಿಲ್ಲುತ್ತದೆಯೇ.

"ಕಣ್ಣಿನ ನಡುವಿನ ಭಾಗ ಹೋಗ್ತಾ ಇದೆಯಂತೆ. ಅಕ್ಕಪಕ್ಕದ್ದು ಕಾಣತ್ತೆ, ನೆಟ್ಟಗೆ ನೋಡಿದ್ದು ಕಾಣಲ್ಲ. ವಾಸಿ ಆಗಲ್ಲವಂತೆ" ಎಂದಳು ಅಕ್ಕ.

"ನೀನು ಅವನನ್ನ ಕೇಳಿದ್ಯಾ?"

"ಕೇಳಿದ್ರೆ ನಾಳೆಯಿಂದ ಶೆಡ್ಡಿಗೆ ಕಾಲಿಡಲ್ಲ. ನಿನಗೆ ಗೊತ್ತಿಲ್ವಾ ಅವರು."

ಗೊತ್ತಿತ್ತು. ಒಂದು ಸಲ ಒಂದು ಪ್ಯಾಂಟಿನ ಕಾಲು ಅರ್ಧ ಬೆರಳು ಗಿಡ್ಡವಾದದ್ದಕ್ಕೆ ಒಂದು ವಾರ ಕತ್ತರಿ ಮುಟ್ಟದೆ ಕೂತವನು. ಈಗ ಅವನು ಎಳೆಯುವ ಗೆರೆ ತಪ್ಪಿದರೆ ಜಗತ್ತಿನಲ್ಲಿ ಮತ್ತೆ ಸಿಗದ ಚಾವಣಿ ಹಾಳು. ತಪ್ಪಬಹುದು ಎಂದು ಬಾಯಿಬಿಟ್ಟರೆ ಅವನೇ ಹಾಳು. ಅತ್ತ ದರಿ, ಇತ್ತ ಪುಲಿ. ಕೆಲಸ ಬೇಡ ಎಂದು ಗಾಡಿ ವಾಪಸ್ ಕಳಿಸೋಣ ಎಂದೆ. "ಯಾವ ಕಾರಣ ಹೇಳಿ?" ಎಂದಳು ಅಕ್ಕ. "ನಾನು ನೋಡ್ಕೋತೀನಿ. ನೀನು ಬಾಯಿ ಮುಚ್ಕೊಂಡಿರು, ಅಷ್ಟು ಸಾಕು" ಎಂದಳು. ನನ್ನಂಥವನಿಗೆ ಅದು ಸಣ್ಣ ಕೆಲಸವಲ್ಲ.

ಆಮೇಲೆ ನೋಡುತ್ತ ಹೋದರೆ ಎಲ್ಲ ಕಣ್ಣಿಗೆ ಬೀಳತೊಡಗಿತು. ಭಾವ ಈಗ ಅಗಲದ ಟೇಪು ತರುತ್ತಿದ್ದ, ಮೊದಲು ಬಳಸುತ್ತಿದ್ದದ್ದಕ್ಕಿಂತ ದುಪ್ಪಟ್ಟು. ಅಳತೆಪಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಎಷ್ಟಿದೆ ಓದು, ನನ್ನ ಕೈ ಖಾಲಿ ಇಲ್ಲ" ಎನ್ನುತ್ತಿದ್ದ. ಕೈ ಖಾಲಿಯೇ ಇರುತ್ತಿತ್ತು. ಗಾಡಿಯನ್ನು ನೋಡುವಾಗ ಮುಖ ಒಂದು ಕಡೆ, ಗಾಡಿ ಒಂದು ಕಡೆ. ಇಷ್ಟು ದಿನ ಇದನ್ನೆಲ್ಲ ಕಂಡೂ ಕಾಣದ ಹಾಗೆ ಹೇಗಿದ್ದೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಟೇಪು ಅಂಟಿಸುವ ದಿನಗಳಲ್ಲಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅವನು ಹಿಂದೆ ಸರಿದು ನಿಂತಾಗಲೆಲ್ಲ ನಾನು ಆ ಗೆರೆಯ ಮೇಲೆ ಕಣ್ಣಾಡಿಸುತ್ತಿದ್ದೆ. ಎಲ್ಲ ಸರಿಯಾಗಿದೆ ಎನಿಸುತ್ತಿತ್ತು. ಮತ್ತೆ ನೋಡಿದರೆ ಯಾವುದೂ ಸರಿಯಿಲ್ಲ ಎನಿಸುತ್ತಿತ್ತು.

ಚಾವಣಿಯ ಗೆರೆ ಕ್ಯಾಬಿನ್ನಿನ ನಾಲ್ಕು ಕಂಬಗಳ ಮೇಲೆ ಬಂತು. ಚಾವಣಿಯ ಸುತ್ತ ನೀರು ಹರಿಯಲು ಒಂದು ಅಂಚು ಇರುತ್ತದೆ. ಆ ಅಂಚಿನಿಂದ ಒಂದು ಅಂಗೈ ಕೆಳಗೆ ಟೇಪು. ನಡುವಿನ ತುಂಡು ತೆಗೆದುಹಾಕಿದರೆ ಚಾವಣಿ ಬಂದು ಟೇಪಿನ ಮೇಲೆ ಕೂರುತ್ತದೆ. ಅಕ್ಕ ಗಾಡಿಯ ಎದುರಿಗೆ ನಿಂತು ನೋಡಿದಳು, ಕೂತು ನೋಡಿದಳು. "ರೀ, ಎಡಗಡೆ ಸ್ವಲ್ಪ ಇಳಿದ ಹಾಗಿಲ್ವಾ?" ಎಂದು ಏನೂ ಅಲ್ಲದವಳಂತೆ ಕೇಳಿದಳು.

"ಗೆರೆ ಸರಿಯಾಗೇ ಇದೆ. ಗಾಡಿ ನಿಂತಿರೋದು ಸರಿಯಿಲ್ಲ" ಎಂದ ಭಾವ, ತಿರುಗಿಯೂ ನೋಡದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಕ್ಕ ನನ್ನ ಕಡೆ ನೋಡಿದ ನೋಟದಲ್ಲಿ, ನೋಡಿದೆಯಲ್ಲ, ಅವರಿಗೆ ಗೊತ್ತಾಗುತ್ತಿಲ್ಲ ಎಂಬುದಿತ್ತು. ನನಗೂ ಹಾಗೇ ಅನಿಸಿತು. ಎಡಗಡೆ ಇಳಿದಿರುವುದು ನನ್ನ ಕಣ್ಣಿಗೂ ಕಾಣುತ್ತಿತ್ತು.

ಕತ್ತರಿಸುವ ದಿನ ಬೆಳಿಗ್ಗೆ ಭಾವ ನಾಲ್ಕೂ ಕಂಬಗಳನ್ನು ಬಟ್ಟೆ ಹಿಡಿದು ಸವರಿ, "ಆಯ್ತು" ಎಂದ. ಒಡತಿ ಮಧ್ಯಾಹ್ನ ಬರುತ್ತೇನೆಂದಿದ್ದಳು, ಕತ್ತರಿಸುವುದನ್ನು ಕಣ್ಣಾರೆ ನೋಡಬೇಕಂತೆ. ಭಾವ ಊಟಕ್ಕೆ ಮನೆಗೆ ಹೋದ. ನಾನು ಕತ್ತರಿಸುವ ಬಿಲ್ಲೆ ತರಲು ಅಂಗಡಿಗೆ ಹೋಗಿ ಬಂದರೆ, ಅಕ್ಕ ಗಾಡಿಯ ಎಡಗಡೆ ಸ್ಟೂಲಿನ ಮೇಲೆ ನಿಂತಿದ್ದಾಳೆ. ಕೈಯಲ್ಲಿ ಯಾರೋ ಗಾರೆಯವನಿಂದ ಎರವಲು ತಂದ, ನೆಲಮಟ್ಟ ನೋಡುವ ರಸಮಟ್ಟ. ಅದರ ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವಿನಲ್ಲಿತ್ತು. ಎಡಗಡೆಯ ಟೇಪು ಹೆಬ್ಬೆರಳ ಅಗಲದಷ್ಟು ಮೇಲೆ ಹೋಗಿತ್ತು.

"ಏನು ಮಾಡಿದೆ ನೀನು?"

"ಗುಳ್ಳೆ ನೋಡು. ಇದು ಸುಳ್ಳು ಹೇಳತ್ತಾ?"

"ಅವನಿಗೆ ಗೊತ್ತಾದ್ರೆ?"

"ಬೆಳಿಗ್ಗೆನೇ ಕೈಯಾಡಿಸಿ ಆಯ್ತು ಅಂದಿದ್ದಾರೆ. ಇನ್ನೊಂದು ಸಲ ನೋಡಲ್ಲ. ನೀನು ಕತ್ತರಿಸು, ಅಷ್ಟೇ. ಕತ್ತರಿಸಿ ಬೆಸೆದ ಮೇಲೆ ಚೆನ್ನಾಗಿ ಬಂತು ಅಂತ ಅವರೇ ಹೇಳ್ತಾರೆ."

ಹಳೆಯ ಗೆರೆಗೆ ತಿರುಗಿಸು ಎಂದೆ. ಆಗಲ್ಲ ಎಂದಳು. ನಮ್ಮ ಜಗಳ ಮುಗಿಯುವಷ್ಟರಲ್ಲಿ ಹೊರಗೆ ಒಡತಿಯ ಮಾತು, ಭಾವನ ಮಾತು ಎರಡೂ ಕೇಳಿಸಿದವು. ಅಕ್ಕ ರಸಮಟ್ಟವನ್ನು ಹೊಲಿಯುತ್ತಿದ್ದ ಸೀಟಿನ ಬಟ್ಟೆಯ ಕೆಳಗೆ ತುರುಕಿದಳು.

ಚಾವಣಿ ಎತ್ತಿ ಹಿಡಿಯಲು ಪಕ್ಕದ ಟೈರು ಅಂಗಡಿಯವನನ್ನು ಕರೆದಿದ್ದೆವು. ಒಡತಿ ಕುರ್ಚಿ ಎಳೆದುಕೊಂಡು ಕೂತಳು. ನಾನು ಬಲಗಡೆಯಿಂದ ಶುರು ಮಾಡಿದೆ, ಬೇಕೆಂದೇ. ಬಲಗಡೆಯ ಗೆರೆ ಭಾವನದೇ ಆಗಿತ್ತು. ಮುಂದಿನ ಕಂಬ ಹೋಯಿತು, ಹಿಂದಿನ ಕಂಬ ಹೋಯಿತು. ಗ್ರೈಂಡರ್ ಸದ್ದಿನಲ್ಲಿ ನನ್ನ ಎದೆಬಡಿತ ನನಗೇ ಕೇಳಿಸಲಿಲ್ಲ, ಅದೊಂದು ಉಪಕಾರ. ಬಿಲ್ಲೆ ಬದಲಾಯಿಸಿ ಎಡಗಡೆಗೆ ಬಂದೆ. ಭಾವ ನನಗಿಂತ ಮೊದಲೇ ಅಲ್ಲಿ ಬಂದು ನಿಂತಿದ್ದ. ನನಗೆ ಗೆರೆ ತೋರಿಸಲು ಅಂಚಿಗೂ ಟೇಪಿಗೂ ನಡುವೆ ಅಂಗೈ ಒತ್ತಿ ಹಿಡಿಯುವುದು ಅವನ ರೂಢಿ. ಬಲಗಡೆಯೂ ಹಾಗೇ ಹಿಡಿದು, ನಾನು ಬಿಲ್ಲೆ ತಾಗಿಸುವಾಗ ಕೈ ತೆಗೆದಿದ್ದ. ಇಲ್ಲಿ ಅಂಗೈ ಇಟ್ಟ. ಜಾಗ ಸಾಲಲಿಲ್ಲ. ಹೆಬ್ಬೆರಳು ಟೇಪಿನ ಮೇಲೆ ಬಂತು.

"ನಿಲ್ಲಿಸು" ಎಂದ.

ನಾನು ಇನ್ನೂ ಗುಂಡಿ ಒತ್ತಿಯೇ ಇರಲಿಲ್ಲ. ಭಾವ ಇನ್ನೊಮ್ಮೆ ಅಂಗೈ ಇಟ್ಟ. ಹಿಂದಿನ ಕಂಬಕ್ಕೆ ಹೋಗಿ ಅಲ್ಲೂ ಇಟ್ಟ. ಬಲಗಡೆಗೆ ಹೋಗಿ, ಕತ್ತರಿಸಿದ ಬಿಸಿ ಕಬ್ಬಿಣದ ಪಕ್ಕದಲ್ಲೂ ಅಳೆದುಬಂದ. ಟೈರಿನವನು ಏನು ಕಥೆ ಎಂಬಂತೆ ನನ್ನನ್ನು ನೋಡಿದ.

"ಇದನ್ನ ಯಾರು ಎತ್ತಿದ್ದು?"

ನಾನು ಎಂದುಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಎದ್ದು ನಿಂತಿದ್ದಳು. "ನಾನೇ. ಓರೆಯಾಗಿತ್ತು."

"ಯಾರ ಕಣ್ಣಿಗೆ?"

ಅವಳು ಒಂದು ಕ್ಷಣ ತಡೆದಿದ್ದರೆ ಬೇರೆ ಏನಾದರೂ ಹೇಳುತ್ತಿದ್ದಳೋ ಏನೋ. ಒಡತಿ ಕೂತಿದ್ದಾಳೆ, ಎರಡು ಕಂಬ ಕತ್ತರಿಸಿಯಾಗಿದೆ, ಗಂಡ ಎಲ್ಲರ ಮುಂದೆ ಕಳ್ಳಿಯನ್ನು ಕೇಳುವಂತೆ ಕೇಳುತ್ತಿದ್ದಾನೆ. ಅವಳಿಗೂ ನಮ್ಮಪ್ಪನದೇ ರಕ್ತ.

"ಕಾಣೋರ ಕಣ್ಣಿಗೆ" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು, ಆದರೆ ಒಳಗಿರಬೇಕಾದದ್ದು ಹೊರಗೆ ಬಂದಾಗಿತ್ತು. ಭಾವ ಅಲುಗಲಿಲ್ಲ. ಅವನ ಮುಖ ಅಕ್ಕನ ಕಡೆಗಿತ್ತು; ಕಣ್ಣು ಮಾತ್ರ ಅವಳ ಭುಜದಾಚೆ ಎಲ್ಲೋ ಇತ್ತು.

ಒಡತಿ ಕುರ್ಚಿಯಿಂದ ಎದ್ದು ಬಂದು ಭಾವನ ಎದುರಿಗೆ ನಿಂತಳು. "ನಾನು ಕಾಣ್ತೀನಾ ನಿಮಗೆ?"

"ನಿಂತಿರೋದು ಕಾಣತ್ತೆ. ಮುಖ ಇಲ್ಲ" ಎಂದ ಭಾವ.

"ಮೊದಲೇ ಹೇಳಬೇಕಿತ್ತು."

"ಹೇಳಿದ್ರೆ ಗಾಡಿ ಕೊಡ್ತಿದ್ರಾ?"

ಅವಳು ಯೋಚಿಸಿದಳು. "ಇಲ್ಲ" ಎಂದಳು.

"ಅದಕ್ಕೇ ಹೇಳಲಿಲ್ಲ." ಅವನ ದನಿಯಲ್ಲಿ ಕ್ಷಮೆ ಕೇಳುವುದೂ ಇರಲಿಲ್ಲ, ಜಗಳವೂ ಇರಲಿಲ್ಲ. "ಗಾಡಿ ಹೀಗೇ ತಗೊಂಡು ಹೋಗ್ತೀನಿ ಅಂದ್ರೆ ಎರಡು ಕಂಬ ವಾಪಸ್ ಬೆಸೆದುಕೊಡ್ತಾನೆ ಇವನು. ಕಲೆ ಉಳಿಯತ್ತೆ. ಅದಕ್ಕೆ ಮೊದಲು ಒಂದು ಕೆಲಸ ಮಾಡ್ತೀನಿ, ನೋಡಿ ಹೋಗಿ." ನನ್ನ ಕಡೆ ತಿರುಗಿದ. "ಕಿಡಿ, ಜಾಕ್ ತಾ. ಎಡಗಡೆಗೆ ಹಾಕು."

ನಾನು ಜಾಕ್ ಹಾಕಿದೆ. ಅವನು ಬಗ್ಗಿ, ಒಂದು ಕೈಯನ್ನು ಎಡಗಡೆಯ ಹಿಂಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತೂರಿಸಿ, "ಎತ್ತು, ಇನ್ನೂ ಎತ್ತು" ಎನ್ನುತ್ತ ಹೋದ. "ಸಾಕು" ಎಂದಾಗ ಬಲಗಡೆಗೆ ಹೋಗಿ ಅಲ್ಲಿನ ಸಂದಿಯನ್ನೂ ಕೈಯಿಂದ ನೋಡಿದ. ಎರಡೂ ಕಡೆ ಒಂದೇ ಆಗಿತ್ತು. "ಕಾರ್ಖಾನೆಯಲ್ಲಿ ಐಸ್ ಜಾರಿಸೋ ಹಲಗೆ ಇವರ ಗಾಡಿಯ ಎಡಗಡೆಗೆ ಬರತ್ತೆ" ಎಂದ. "ಐಸ್ ಎಲ್ಲ ಎಡಗಡೆಯಿಂದ ತಳ್ಳೋದು. ದೂರ ತಳ್ಳೋಕೆ ಯಾರಿಗೂ ಸೋಮಾರಿತನ, ಅಲ್ಲೇ ಪೇರಿಸ್ತಾರೆ. ಇಷ್ಟು ವರ್ಷ ಭಾರ ಎಲ್ಲ ಎಡಗಡೆ ಸ್ಪ್ರಿಂಗ್ ಮೇಲೇ ಬಿದ್ದಿದೆ. ಅದು ಕೂತುಹೋಗಿದೆ. ಕೊನೆಗೆ ಹೊಸ ಸ್ಪ್ರಿಂಗ್ ಹಾಕಲೇಬೇಕು, ಹಾಕಿದ ಮೇಲೆ ಗಾಡಿ ಈಗ ನಿಂತಿದೆಯಲ್ಲ, ಹೀಗೆ ನಿಲ್ಲತ್ತೆ. ಈಗ ಎದುರಿಗೆ ಹೋಗಿ ನೋಡಿ."

ನಾವೆಲ್ಲ ಎದುರಿಗೆ ಹೋಗಿ ನೋಡಿದೆವು. ಅಕ್ಕ ಎತ್ತಿದ ಗೆರೆ ಎಡಗಡೆಗೆ ಕುಡುಕನ ಟೋಪಿಯಂತೆ ಏರಿತ್ತು. ಹಳೆಯ ಟೇಪಿನ ಅಂಟು ಕಂಬದ ಮೇಲೆ ಮಂಕಾಗಿ ಉಳಿದಿತ್ತು. ಬಲಗಡೆಯ ಕೊಯ್ತಕ್ಕೂ ಅದಕ್ಕೂ ಕಣ್ಣಲ್ಲೇ ದಾರ ಕಟ್ಟಿದರೆ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ರಸಮಟ್ಟ ಸುಳ್ಳು ಹೇಳಿರಲಿಲ್ಲ. ಅದು ನೆಲದ ಮಾತು ಹೇಳಿತ್ತು, ನಾವು ಗಾಡಿಯ ಮಾತೆಂದು ಕೇಳಿಸಿಕೊಂಡಿದ್ದೆವು. ಕಣ್ಣಿದ್ದ ನಾವಿಬ್ಬರೂ ಸೇರಿ ಆ ಚಾವಣಿಯನ್ನು ಮುಗಿಸಿಬಿಡುತ್ತಿದ್ದೆವು.

ಒಡತಿ ಎಷ್ಟು ಹೊತ್ತು ಬಗ್ಗಿ ನೋಡುತ್ತಿದ್ದಳೋ. ಅವಳು ಏನು ಹೇಳುತ್ತಾಳೆ ಎಂಬುದರ ಮೇಲೆ ಭಾವನ ಮುಂದಿನ ಬದುಕೆಲ್ಲ ನಿಂತಿತ್ತು. ನಾಳೆ ಪೇಟೆ ಏನು ಮಾತಾಡುತ್ತದೆ, ಇನ್ನೊಂದು ಗಾಡಿ ಈ ಬಾಗಿಲಿಗೆ ಬರುತ್ತದೋ ಇಲ್ಲವೋ, ಎಲ್ಲವೂ. ಟೈರಿನವನು ಕೂಡ ಕೆಮ್ಮು ತಡೆದುಕೊಂಡು ನಿಂತಿದ್ದ.

"ಕುರುಡನ ಕೈಗೆ ಗಾಡಿ ಕೊಟ್ಟಳು ಅಂತ ಜನ ಆಡ್ಕೋತಾರೆ" ಎಂದಳು ಅವಳು ನೆಟ್ಟಗಾಗುತ್ತ.

"ಆಡ್ಕೋತಾರೆ" ಎಂದ ಭಾವ.

"ಆಡಲಿ. ಅವರ ಗೆರೆ ಮೇಲೇ ಕತ್ತರಿಸಪ್ಪ" ಎಂದು ನನಗೆ ಹೇಳಿ ಹೋಗಿ ಕುರ್ಚಿಯಲ್ಲಿ ಕೂತಳು.

ಟೇಪನ್ನು ಭಾವನೇ ಕಿತ್ತು, ಅಂಗೈ ಇಟ್ಟು, ಮತ್ತೆ ಅಂಟಿಸಿದ. ನಾನು ಕತ್ತರಿಸಿದೆ. ಚಾವಣಿಯನ್ನು ನಾಲ್ಕು ಜನ ಎತ್ತಿ ಹಿಡಿದು, ತುಂಡುಗಳನ್ನು ತೆಗೆದು, ಮೆಲ್ಲಗೆ ಇಳಿಸಿದೆವು. ಅದು ಹೋಗಿ ಕೂತಾಗ ಬಂದ ಸದ್ದು ಬಹಳ ಚಿಕ್ಕದು. ಹಿಂದಿನ ಕಂಬದಲ್ಲಿ ಒಂದು ಬೆಂಕಿಕಡ್ಡಿ ತೂರುವಷ್ಟು ಸಂದಿ ಇತ್ತು, ಅದು ನನ್ನ ಬಿಲ್ಲೆ ತಿಂದ ಜಾಗ. ಒಡತಿ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ತಲೆಯಾಡಿಸಿ ಹೋದಳು. ಟೈರಿನವನೂ ಹೋದ. ನಾನು ಉಸಿರು ಬಿಟ್ಟೆ. ಗಂಡಾಂತರ ಕಳೆಯಿತು ಎಂದುಕೊಂಡೆ, ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಭಾವ ಚಾವಣಿಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದ. "ಇದೊಂದೇನಾ," ಎಂದು ಕೇಳಿದ, "ಮುಂಚೆನೂ ಸರಿಸಿದ್ಯಾ?"

ಅಕ್ಕ ಸೀಟಿನ ಬಟ್ಟೆ ಮಡಿಚುತ್ತಿದ್ದವಳು ನಿಲ್ಲಿಸಿದಳು. ಇದು ನನಗೂ ಗೊತ್ತಿರಲಿಲ್ಲ.

"ಬ್ರೆಡ್ ವ್ಯಾನು?" ಎಂದ ಭಾವ.

ಬ್ರೆಡ್ ವ್ಯಾನು ಹಿಂದಿನ ಬೇಸಿಗೆಯಲ್ಲಿ ಮಾಡಿದ್ದು. ಅದರ ಮೂಗಿನಿಂದ ಬಾಲದವರೆಗಿನ ಗೆರೆಯನ್ನು ನೋಡಿ ಪಕ್ಕದ ಊರಿನಿಂದ ಜನ ಬಂದಿದ್ದರು. ಆ ವ್ಯಾನು ಬೀದಿಯಲ್ಲಿ ಬಂದಾಗಲೆಲ್ಲ ಭಾವ ಹೊರಗೆ ಹೋಗಿ ಅದರ ಮೈಮೇಲೆ ಒಂದು ಸಲ ಕೈಯಾಡಿಸಿ ಬರುತ್ತಿದ್ದ. ನಮ್ಮ ಕೈಯಿಂದ ಹೊರಬಿದ್ದದ್ದರಲ್ಲೆಲ್ಲ ಅದೇ ಚೆಂದದ್ದು ಎನ್ನುತ್ತಿದ್ದ.

"ಅದೂ" ಎಂದಳು ಅಕ್ಕ.

"ಪೂರ್ತಿನಾ?"

"ಹಿಂದಿನ ಅರ್ಧ."

"ಡಾಕ್ಟರ ಕಾರು?"

"ಬಾಗಿಲು ಮಾತ್ರ."

ಭಾವ ಕೈ ತೆಗೆದ. ಕಣ್ಣು ಹೋಗುತ್ತಿದೆ ಎಂದು ಎಲ್ಲರ ಮುಂದೆ ಬಯಲಾದಾಗಲೂ ಅವನ ಮುಖ ಹಾಗಾಗಿರಲಿಲ್ಲ. ಆಗ ಅವನ ಹತ್ತಿರ ಗೆರೆಯಾದರೂ ಇತ್ತು. ಈಗ ಹೊಗಳಿಸಿಕೊಂಡ ಗೆರೆಗಳಲ್ಲಿ ತನ್ನದು ಯಾವುದು, ಹೆಂಡತಿಯದು ಯಾವುದು ಎಂದು ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅಕ್ಕ ಸರಿಸಿದವುಗಳಲ್ಲಿ ಎಷ್ಟು ನಿಜವಾಗಿ ತಪ್ಪಿದ್ದವು, ಎಷ್ಟು ಇವತ್ತಿನ ಹಾಗೆ ಸರಿಯಾಗೇ ಇದ್ದವು, ಅದು ಅವಳಿಗೂ ಗೊತ್ತಿರಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರಿಗಾಗಿಯೂ ಅಳು ಬಂತು. ನಾನು ಗ್ರೈಂಡರಿನ ವಯರು ಸುತ್ತುತ್ತ ನಿಂತೆ.

"ಹೇಳಬೇಕಿತ್ತು" ಎಂದ.

"ನೀವು ಅವರಿಗೆ ಯಾಕೆ ಹೇಳಲಿಲ್ವೋ, ನಾನೂ ಅದಕ್ಕೇ ಹೇಳಲಿಲ್ಲ" ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು. "ಹೇಳಿದ್ರೆ ಬಿಟ್ಟುಬಿಡ್ತಿದ್ರಿ."

"ಬಿಡ್ತಿದ್ನೋ ಏನೋ. ಬಿಡೋದಿದ್ರೆ ಅದನ್ನ ಬಿಡಬೇಕಾದೋನು ನಾನು. ನೀನಲ್ಲ."

ಅಂದು ಸಂಜೆ ಅವರಿಬ್ಬರೂ ಮನೆಗೆ ಹೋದದ್ದು ಬೇರೆ ಬೇರೆಯಾಗಿ. ನಾನು ಶೆಡ್ಡಿನ ಬಾಗಿಲು ಹಾಕುವಾಗ, ನಾಳೆ ಅವನು ಬರುವುದಿಲ್ಲ ಎಂದೇ ಅನಿಸಿತು. ಅರ್ಧ ಬೆರಳಿಗೆ ಒಂದು ವಾರ ಕೂತವನು, ಇದಕ್ಕೆ ಎಷ್ಟು ವರ್ಷ ಕೂರುತ್ತಾನೋ ಎಂದು ಲೆಕ್ಕ ಹಾಕಿದೆ.

ಬೆಳಿಗ್ಗೆ ಹೋದರೆ ಭಾವ ಗಾಡಿಯ ಮೂಗಿನ ಮುಂದೆ ಮಂಡಿಯೂರಿ ಕೂತಿದ್ದಾನೆ. ದೀಪಗಳನ್ನು ಒಳಗೆ ಸರಿಸಲು ಮಡ್‌ಗಾರ್ಡಿನ ಮೇಲೆ ಟೇಪಿನಿಂದ ಎರಡು ದುಂಡು ಬರೆದಿದ್ದ. ಕೈಯಾಡಿಸಿ, ಬೆರಳಿಂದ ಅಳೆದು, ಮತ್ತೆ ಕೈಯಾಡಿಸಿದ. ಅಕ್ಕ ಯಾವಾಗಲೋ ಬಂದು ಯಂತ್ರದ ಹಿಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. ಅವಳು ಅಲ್ಲಿಂದಲೇ ಆ ದುಂಡುಗಳನ್ನು ನೋಡುತ್ತಿದ್ದುದು ನನಗೆ ಗೊತ್ತಾಯಿತು. ನಾನೂ ನೋಡಿದೆ. ಬಲಗಡೆಯದು ಸರಿಯಿರಲಿಲ್ಲ. ಗಾಡಿ ಜಾಕ್ ಮೇಲೆ ಸಮವಾಗಿ ನಿಂತಿತ್ತು, ಇದಕ್ಕೆ ಸ್ಪ್ರಿಂಗಿನ ನೆವವಿರಲಿಲ್ಲ. ಅಕ್ಕನ ಕೈ ಮಡಿಲಲ್ಲಿ ಮುಷ್ಟಿ ಕಟ್ಟಿತ್ತು.

"ಬಾ ಇಲ್ಲಿ" ಎಂದ ಭಾವ, ತಿರುಗದೆ.

ಅವಳು ಎದ್ದು ಬಂದು ಅವನ ಪಕ್ಕದಲ್ಲಿ ನಿಂತಳು.

"ಓರೆ ಇದೆಯಾ?"

ಇಲ್ಲ ಎಂದುಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಕ್ಕ ನನ್ನ ಕಡೆ ನೋಡಲಿಲ್ಲ.

"ಇದೆ" ಎಂದಳು.

"ಎಷ್ಟು?"

"ಕಿರುಬೆರಳಿನ ಉಗುರಿನಷ್ಟು. ಒಳಗಡೆಗೆ ಬಂದಿದೆ."

ಭಾವ ಬಲಗಡೆಯ ದುಂಡಿನ ಅಂಚನ್ನು ಬೆರಳಿನಿಂದ ಹುಡುಕಿ, ಟೇಪು ಕಿತ್ತು, ತಾನೇ ಹೊರಗೆ ಸರಿಸಿ ಅಂಟಿಸಿದ. "ಈಗ?" ಎಂದ.